ಮೂರೂರಿನ ಬೂಸ್ಟು

ಮರ್ಯಾದೆ ಕಳ್ಕೊಳ್ಳೋಕೆ ಕೆಲವರು ಕಷ್ಟಪಡಬೇಕಾಗುತ್ತೆ, ನನಗೆ ಅದು ತಾನಾಗೇ ಒದಗಿಬರುತ್ತೆ. ನನ್ನ ಪಿಎಚ್‌ಡಿ ರಾಗಿಯ ಬೆಂಕಿ ರೋಗದ ಮೇಲೆ. ನೂಲಿನೆಳೆ ಥರ ಬೆಳೆಯೋ ಒಂದು ಬೂಸ್ಟಿನಿಂದ ಬರೋ ರೋಗ ಅದು. ಆ ಬೂಸ್ಟಿನ ಡಿಎನ್‌ಎಯಲ್ಲಿ ಒಂದೇ ತುಣುಕು ನಕಲಾಗಿ ನಕಲಾಗಿ ಎಲ್ಲೆಲ್ಲೋ ಹೋಗಿ ಕೂತಿರುತ್ತೆ. ಎಲ್ಲೆಲ್ಲಿ ಕೂತಿದೆ ಅಂತ ನೋಡಿದರೆ ಯಾವ ವಂಶದ್ದು ಅಂತ ತಿಳಿಯುತ್ತೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಕಡೂರು, ತರೀಕೆರೆ, ಅಜ್ಜಂಪುರದ ಬೂಸ್ಟು ಒಂದೇ ವಂಶದ್ದೋ ಬೇರೆಬೇರೆಯದೋ ಅಂತ ನಾನು ಹೇಳಬೇಕಿತ್ತು. ಹೇಳದಿದ್ದರೆ ಥೀಸಿಸ್ ಇಲ್ಲ.

೧. ಫ್ರಿಜ್ಜು

ಲ್ಯಾಬಿನ ಫ್ರಿಜ್ ಕೆಟ್ಟಿತ್ತು ಅಂತ, ಮೂರೂರಿನ ಬೂಸ್ಟು ಬೆಳೆಸಿದ್ದ ಗಾಜಿನ ತಟ್ಟೆಗಳನ್ನ ಕಡೂರಿನ ನಮ್ಮನೆ ಫ್ರಿಜ್ಜಲ್ಲಿ ಇಟ್ಟೆ. ಇಡಬಾರದು ಅಂತ ಗೊತ್ತಿದ್ದೂ ಇಟ್ಟೆ. ಸಂಜೆ ನೋಡಿದರೆ ತಟ್ಟೆಗಳು ಪಳಪಳ ಹೊಳೀತಾ ಅಡುಗೆಕಟ್ಟೆ ಮೇಲೆ ಬೋರಲಾಗಿ ಕೂತಿದ್ವು.

"ಏನಮ್ಮಾ ಮಾಡ್ದೆ? ಆರು ತಿಂಗಳ ಕೆಲಸ ಕಣಮ್ಮ ಅದು" ಅಂದೆ.

"ಬೂಸ್ಟು ಹಿಡಿದಿತ್ತು, ಬಿಸಿನೀರಲ್ಲಿ ತಿಕ್ಕಿ ತೊಳೆದೆ" ಅಂದಳು ಅಮ್ಮ. "ಬೂಸ್ಟು ಬೆಳೆಸೋಕೆ ಆರು ತಿಂಗಳು ಬೇಕೇನೇ? ಹೈಸ್ಕೂಲಲ್ಲಿ ನಿನ್ನ ಊಟದ ಡಬ್ಬೀಲಿ ಎರಡೇ ದಿನಕ್ಕೆ ಬೆಳೀತಿತ್ತು."

೨. ಖುಷಿ

ಮತ್ತೆ ರೋಗದ ತೆನೆ ತರೋಕೆ ತರೀಕೆರೆ ಕಡೆ ಹೋದೆ. ಮೊದಲ ಹೊಲದಲ್ಲಿ ರೋಗ ಇಲ್ಲ, ಎರಡನೇದರಲ್ಲೂ ಇಲ್ಲ. "ಅಯ್ಯೋ, ಇಲ್ವಾ" ಅಂತ ಮುಖ ಸಪ್ಪಗೆ ಮಾಡ್ಕೊಂಡೆ. ಮೂರನೇ ಹೊಲದಲ್ಲಿ ಒಂದು ಮೂಲೆ ಪೂರ್ತಿ ಸುಟ್ಟ ಹಾಗಿತ್ತು. "ಸಿಕ್ತು, ಎಷ್ಟು ಚೆನ್ನಾಗಿದೆ" ಅಂದುಬಿಟ್ಟೆ.

ನನ್ನ ಹಿಂದೇನೇ ಆ ಹೊಲದ ಯಜಮಾನಿ ಕುಡುಗೋಲು ಹಿಡಿದು ನಿಂತಿದ್ದಳು. "ಇನ್ನೂ ಚೆನ್ನಾಗಿರೋದು ಆ ಕಡೆ ಐತೆ, ನೋಡ್ಕೊಂಡು ಹೋಗವ್ವ" ಅಂದಳು.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಒಂದು ತೆನೇನೂ ಕೀಳದೆ ಬಸ್ ಹತ್ತಿದೆ.

೩. ಮೂರು ಕವರು

ಇನ್ನು ಯಾರ ಹೊಲಕ್ಕೂ ಕಾಲಿಡೋ ಮುಖ ನನಗಿರಲಿಲ್ಲ. ಅಜ್ಜಂಪುರದಲ್ಲಿ ಅಪ್ಪನ ಸ್ನೇಹಿತರೊಬ್ಬರಿದ್ದಾರೆ. ಪಂಪ್‌ಸೆಟ್ ರಿಪೇರಿ ಮಾಡ್ತಾ ಮೂರೂ ತಾಲ್ಲೂಕು ಸುತ್ತೋರು, ಸ್ವಂತ ರಾಗಿ ಹೊಲಾನೂ ಇದೆ. ನಾನು ಚಾಚಾ ಅಂತೀನಿ. ಒಂದೊಂದರ ಮೇಲೆ ಒಂದೊಂದು ಊರಿನ ಹೆಸರು ಬರೆದು ಮೂರು ಕವರು ಅವರ ಕೈಗೆ ಕೊಟ್ಟೆ. ವಾರದೊಳಗೆ ರೋಗದ ತೆನೆ ತುಂಬಿ ಬಂದ್ವು. ಗೈಡಿಗೆ ಮಾತ್ರ "ನಾನೇ ಹೋಗಿ ಕಿತ್ತು ತಂದೆ ಸಾರ್" ಅಂದೆ.

ರಿಸಲ್ಟ್ ಬಂತು. ಮೂರೂರಿನದೂ ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ ಒಂದೇ. ಗೈಡು ಹಿರಿಹಿರಿ ಹಿಗ್ಗಿದರು, ಅಜ್ಜಂಪುರದಲ್ಲಿ ರೈತರ ಸಭೆ ಕರೆಸಿ ನನ್ನ ಕೈಗೇ ಮೈಕು ಕೊಟ್ಟರು. "ಮೂರು ತಾಲ್ಲೂಕನ್ನೂ ಒಂದೇ ವಂಶ ಆಳ್ತಾ ಇದೆ" ಅಂತ ಕೈ ಬೀಸಿ ಬೀಸಿ ಹೇಳಿದೆ.

ಹಿಂದಿನ ಸಾಲಲ್ಲಿ ಚಾಚಾ ಎದ್ದು ನಿಂತರು. "ಒಂದೇ ಇರಬೇಕಲ್ಲಮ್ಮ. ಅವತ್ತು ಸ್ಕೂಟರ್ ಕೆಟ್ಟಿತ್ತು. ಎಲ್ಲೀದಾದ್ರೂ ರೋಗ ರೋಗಾನೇ ಅಲ್ವಾ ಅಂತ ಮೂರು ಕವರಿಗೂ ನಮ್ಮ ಹೊಲದ್ದೇ ತುಂಬ್ದೆ."

ಸಭೆಯೆಲ್ಲ ನಕ್ಕಿತು. ಗೈಡು ನನ್ನ ಕಡೆ ತಿರುಗಿ, "ನೀನೇ ಹೋಗಿ ಕಿತ್ತೆ ಅಂದ್ಯಲ್ಲಮ್ಮ?" ಅಂದರು. ನಾಚಿಕೆಗೆ ಕಿವಿಯೆಲ್ಲ ಬಿಸಿಯಾಯ್ತು.

ಚಾಚಾಗೆ ಪಾಪ ಅನ್ನಿಸಿರಬೇಕು. "ಬಯ್ಯಬೇಡಿ ಸಾರ್. ನಿಮ್ಮ ಪರೀಕ್ಷೆ ಪಕ್ಕಾ ಐತೆ. ಬೂಸ್ಟು ನಿಜಾನೇ ಹೇಳೈತೆ. ಸುಳ್ಳು ಹೇಳಿದ್ದು ನಾವಿಬ್ರೇ" ಅಂದರು.