ಏಣಿ ಹತ್ತದೆ ಗೋಡೆ ಅಳೆದದ್ದು

ಮಗಳು: ಅಪ್ಪಾ, ಮೊದಲು ಕೆಳಗಿಳಿ! ಹತ್ತದೆ ಅಳೀಬೇಕು ಅಂತಲೇ ಪ್ರಶ್ನೇಲಿ ಇದೆ.

ಅಪ್ಪ: ಅದು ನಿನಗೆ ಹೇಳಿದ್ದು. ನನಗೆ ಯಾರೂ ಏನೂ ಹೇಳಿಲ್ಲ. ಟೇಪಿನ ತುದಿ ಹಿಡ್ಕೋ.

ಮಗಳು: ಹಿಡ್ಕೊಳ್ಳಲ್ಲ. ಹಿಡ್ಕೊಂಡ್ರೆ ಮೋಸ.

ಅಪ್ಪ: (ಹಿತ್ತಲ ಬಾಗಿಲಲ್ಲಿ ಕೂತ ಹೆಂಡತಿಗೆ) ಕೇಳಿದ್ಯೇನೇ? ಹತ್ತಿ ಅಳೆದ್ರೆ ಮೋಸವಂತೆ. ಕೆಳಗೆ ನಿಂತು ಒಂದು ಕಣ್ಣು ಮುಚ್ಚಿಕೊಂಡ್ರೆ ಗಣಿತವಂತೆ!

(ಮನೆಯ ಹಿಂಬದಿ. ಗೋಡೆಗೆ ಏಣಿ, ಏಣಿಯ ತುದಿಯಲ್ಲಿ ಅಪ್ಪ. ಇಪ್ಪತ್ತೆರಡು ವರ್ಷದಿಂದ ಗೋಡೆಗಳಿಗೆ ಬಣ್ಣ ಬಳಿಯುತ್ತಿರುವ ಮನುಷ್ಯ. ಹತ್ತದೆಯೂ ಎತ್ತರ ತಿಳಿಯಬಹುದು ಎಂಬ ಸುದ್ದಿಯನ್ನು ಅವರು ತಮ್ಮ ಕುಲಕಸುಬಿಗೇ ಆದ ಅವಮಾನ ಎಂದು ತಿಳಿದಿದ್ದಾರೆ. ಕೆಳಗೆ, ಗೋಡೆಯಿಂದ ಒಂದಷ್ಟು ದೂರದಲ್ಲಿ, ಹತ್ತನೇ ತರಗತಿಯ ಮಗಳು. ಅವಳ ಕೈಯಲ್ಲಿ ಒಂದು ಕೋನಮಾಪಕ. ಅದಕ್ಕೆ ಅಂಟಿಸಿದ ಸ್ಟ್ರಾ, ಜೋತುಬಿಟ್ಟ ದಾರ, ದಾರದ ತುದಿಗೆ ಕಟ್ಟಿದ ನಟ್ಟು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಫೋನು, ಫೋನಿನೊಳಗೆ ತ್ರಿಕೋನಮಿತಿ. ಹಿತ್ತಲ ಬಾಗಿಲಲ್ಲಿ ಅಮ್ಮ, ಟೈಲರು, ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಾರೆ.)

ಅಮ್ಮ: (ಎದ್ದು ಬಂದು ಟೇಪಿನ ತುದಿ ಹಿಡಿದು) ಬೇಗ ಅಳೀರಿ. ಗಂಟೆ ಐದೂವರೆ. ಆರಕ್ಕೆ ಅವಳ ಪಾಠದ ಬಾಗಿಲು ಮುಚ್ಚುತ್ತಂತೆ.

ಅಪ್ಪ: ಇಪ್ಪತ್ತಾರಡಿ. ನಿನ್ನ ಸ್ಟ್ರಾ ಎಷ್ಟು ಅಂತು?

ಮಗಳು: ಇಪ್ಪತ್ತೊಂದು.

ಅಪ್ಪ: ಐದಡಿ ಎಲ್ಲಿ ಹೋಯ್ತು? ಗೋಡೆ ಏನು ಬಟ್ಟೆಯಾ, ನೀರು ಬಿದ್ದ ಕೂಡಲೇ ಕುಗ್ಗೋಕೆ?

ಅಮ್ಮ: ಬಟ್ಟೆ ಸುದ್ದಿಗೆ ಬರಬೇಡಿ. ನಾನು ನೆನೆಸಿ, ಒಣಗಿಸಿ ಆಮೇಲೆ ಕತ್ತರಿಸೋದು.

ಮಗಳು: ಅಪ್ಪ, ಕೇಳು. ನಾನು ನಿಂತ ಜಾಗದಿಂದ ಗೋಡೆಗೆ ಇಪ್ಪತ್ತೊಂದಡಿ. ಅದು ಪಾರ್ಶ್ವ ಬಾಹು. ಗೋಡೆ ಅಭಿಮುಖ ಬಾಹು. ಸ್ಟ್ರಾದಲ್ಲಿ ತುದಿ ನೋಡಿದ್ರೆ ಕೋನ ನಲವತ್ತೈದು ಡಿಗ್ರಿ. ಟ್ಯಾನ್ ನಲವತ್ತೈದು ಅಂದ್ರೆ ಒಂದು. ಅಂದ್ರೆ ದೂರ ಎಷ್ಟೋ ಎತ್ತರ ಅಷ್ಟೇ.

ಅಪ್ಪ: ಸರಿ ಹಾಗಾದ್ರೆ, ಇನ್ನೈದಡಿ ಹಿಂದೆ ಹೋಗಿ ನಿಂತ್ಕೋ. ಗೋಡೆ ಬೆಳೆದುಬಿಡುತ್ತೆ.

ಮಗಳು: ಹಿಂದೆ ಹೋದ್ರೆ ಕೋನ ಬದಲಾಗುತ್ತಪ್ಪಾ!

ಅಪ್ಪ: ನೋಡು, ನೀನು ಹೋದಲ್ಲೆಲ್ಲ ಬದಲಾಗೋ ವಸ್ತು ನಂಬಿಕೊಂಡು ಗೋಡೆ ಅಳೀತಿದ್ದೀಯ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಟೇಪು ಕಣ್ಣೆದುರಿಗೇ ನೇತಾಡ್ತಿದೆ.

ಮಗಳು: ಗೋಡೆಗೂ ನೆಲಕ್ಕೂ ತೊಂಬತ್ತು ಡಿಗ್ರಿ ಇದ್ರೆ ಲೆಕ್ಕ ತಪ್ಪೋ ಹಾಗೇ ಇಲ್ಲ ಅಂತ ಪಾಠದ ವೀಡಿಯೋದಲ್ಲಿ ಸರ್ ಹೇಳಿದ್ದಾರೆ.

ಅಪ್ಪ: ತೊಂಬತ್ತಾ? ಈ ಗೋಡೆ ಕಟ್ಟಿದ ಮೇಸ್ತ್ರಿ ನನಗೆ ಚೆನ್ನಾಗಿ ಗೊತ್ತು. ಅವನ ಬದುಕಲ್ಲೇ ತೊಂಬತ್ತು ಡಿಗ್ರಿ ಅನ್ನೋದು ಇರಲಿಲ್ಲ.

ಅಮ್ಮ: ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.

ಅಪ್ಪ: ನಾನು ಗೋಡೆ ಡೊಂಕು ಅಂದದ್ದು. ಅದೂ ಅವಳಿಗೆ ಸಹಾಯ ಆಗಲಿ ಅಂತ.

ಅಮ್ಮ: ಪುಟ್ಟಿ, ಆ ಸರ್ ಇನ್ನೇನಾದ್ರೂ ಹೇಳಿದ್ರಾ ನೋಡು. ನೀನು ಅವರನ್ನ ಎರಡರಷ್ಟು ವೇಗದಲ್ಲಿ ಓಡಿಸ್ತೀಯ. ಪಾಪ, ಮನುಷ್ಯನಿಗೆ ಉಸಿರು ಬಿಡೋಕೂ ಜಾಗ ಇರಲಿಲ್ಲ.

ಮಗಳು: ಎಲ್ಲರೂ ಹಾಗೇ ನೋಡೋದು, ಅಮ್ಮ.

ಅಪ್ಪ: ನಾನೂ ಎರಡರಷ್ಟು ವೇಗದಲ್ಲಿ ಬಣ್ಣ ಬಳಿದ್ರೆ ಏನಾಗುತ್ತೆ ಗೊತ್ತಾ? ಕಿಟಕಿಗೂ ಅದೇ ಬಣ್ಣ.

(ಮಗಳು ಬಕೆಟ್ಟಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಮೊದಲ ಪಾಠ ಆರು ಗಂಟೆಯೊಳಗೆ ಮುಗಿಸಿದವರಿಗೆ ಮಾತ್ರ ಶಾಲೆಯ ವಿಶೇಷ ಗಣಿತದ ತರಗತಿಯಲ್ಲಿ ಜಾಗ. ಉತ್ತರ ಹಾಕಲು ಅವಕಾಶ ಎರಡೇ ಸಲ.)

ಮಗಳು: ಶಾಲೇಲಿ ಟೀಚರ್ ಹೇಳಿದ್ದೇ ಸರಿ. "ಇದು ನಿನಗಲ್ಲ, ಸುಮ್ಮನೆ ಯಾಕೆ ಕಷ್ಟ ಪಡ್ತೀಯ" ಅಂದಿದ್ರು. ಮೊದಲನೇ ಗೋಡೆಯಲ್ಲೇ ಐದಡಿ ಕಳ್ಕೊಂಡೆ.

(ಅಪ್ಪ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮಗಳ ಮುಖ ನೋಡಿ ಟೇಪನ್ನು ತಿರುಗಿಸಿ ಮುರುಗಿಸಿ ನೋಡಿದರು.)

ಅಪ್ಪ: ಅಲ್ಲ... ನನ್ನ ಟೇಪೂ ಹಳೇದಾಯ್ತು. ಎಳೆದು ಎಳೆದು ಸಡಿಲ ಆಗಿರಬಹುದು.

ಅಮ್ಮ: ಹೋದ ವಾರ ತಂದ ಟೇಪು. ಅದೂ ಕಬ್ಬಿಣದ್ದು.

ಅಪ್ಪ: ನೀನು ಸ್ವಲ್ಪ ಸುಮ್ಮನಿರ್ತೀಯಾ? ಇಪ್ಪತ್ತೊಂದೇ ಇರಲಿ. ಗೋಡೆಗೇನು ನಷ್ಟ?

ಅಮ್ಮ: ಯಾಕೆ ಇರಲಿ? ಪುಟ್ಟಿ, ಏಳು. ನೀನು ಆ ಸ್ಟ್ರಾದಲ್ಲಿ ನೋಡುವಾಗ ಮಲಗಿದ್ಯಾ, ನಿಂತಿದ್ಯಾ?

ಮಗಳು: ನಿಂತಿದ್ದೆ. ಮಲಗಿ ಯಾರಾದ್ರೂ ಅಳೀತಾರಾ?

ಅಮ್ಮ: ನಿಂತಿದ್ರೆ ನಿನ್ನ ಕಣ್ಣು ನೆಲದ ಮೇಲಿತ್ತಾ, ಮುಖದ ಮೇಲಿತ್ತಾ?

(ಅಮ್ಮ ಕೊರಳಲ್ಲಿದ್ದ ಹೊಲಿಗೆಯ ಟೇಪು ತೆಗೆದು ಮಗಳ ಹಿಮ್ಮಡಿಯಿಂದ ಕಣ್ಣಿನವರೆಗೆ ಹಿಡಿದರು. ಟೇಪು ಪೂರ್ತಿ ಮುಗಿಯಿತು. ಅರವತ್ತು ಇಂಚು.)

ಅಮ್ಮ: ಅಗೋ, ಐದಡಿ. ನಿನ್ನ ಕಣ್ಣಿಂದ ಮೇಲಕ್ಕೆ ಅಳೆದೆ, ಕೆಳಗಿಂದು ಬಿಟ್ಟೆ. ಕತ್ತಿನಿಂದ ಮೇಲೆ ಮಾತ್ರ ಅಳತೆ ತಗೊಂಡು ನಾನು ಅಂಗಿ ಹೊಲಿದ್ರೆ ಗಿರಾಕಿ ಬಿಡ್ತಾನಾ?

ಮಗಳು: (ನಿಧಾನವಾಗಿ) ಇಪ್ಪತ್ತೊಂದು... ಐದು... ಇಪ್ಪತ್ತಾರು! ಅಪ್ಪಾ, ಇಪ್ಪತ್ತಾರು! ಹತ್ತದೇನೇ ಬಂತು!

ಅಪ್ಪ: ಬರದೆ ಏನು? ಎಲ್ಲಾ ಅಳೆದೆ, ನಿನ್ನನ್ನೇ ಲೆಕ್ಕಕ್ಕೆ ತಗೊಳ್ಳಲಿಲ್ಲ. ಹಾಕು ಉತ್ತರ. ಆ ಟೀಚರಿಗೂ ತೋರಿಸು.

(ಮಗಳು ದೂರ ಬರೆದಳು, ಕೋನ ಬರೆದಳು, ಎತ್ತರ ಇಪ್ಪತ್ತಾರು ಎಂದು ಒತ್ತಿದಳು. ಮೂರು ತಲೆಗಳು ಫೋನಿನ ಮೇಲೆ ಬಾಗಿದವು. ಪರದೆಯ ಮೇಲೆ ಕೆಂಪು ಗುರುತು ಬಂತು. "ತಪ್ಪು ಉತ್ತರ. ಇನ್ನು ಒಂದು ಅವಕಾಶವಿದೆ.")

ಅಪ್ಪ: ತಪ್ಪಾ? ನಾನು ಹತ್ತಿ ನೋಡಿ ಬಂದ ಗೋಡೆ!

ಮಗಳು: ಕೆಳಗೆ ಸಣ್ಣಕ್ಷರದಲ್ಲಿ ಏನೋ ಇದೆ. "ಗಮನಿಸಿ: ಈ ಪಾಠದಲ್ಲಿ ನೋಡುವವರ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದನ್ನು ಎರಡನೇ ಪಾಠದಲ್ಲಿ ಕಲಿಸಲಾಗುವುದು."

ಅಮ್ಮ: ಎರಡನೇ ಪಾಠ ತೆಗಿ ಮತ್ತೆ.

ಮಗಳು: ಮೊದಲನೇದರಲ್ಲಿ ಪಾಸಾದ್ರೆ ಮಾತ್ರ ಅದು ತೆರೆಯೋದು.

ಅಮ್ಮ: ಅಂದ್ರೆ, ತಪ್ಪು ಬರೆದವರಿಗೆ ಮಾತ್ರ ಸರಿ ಹೇಳಿಕೊಡ್ತಾರೆ.

ಅಪ್ಪ: ಗಂಟೆ ಎಷ್ಟು?

ಅಮ್ಮ: ಐದು ಐವತ್ತೈದು.

ಅಪ್ಪ: ಇಪ್ಪತ್ತೊಂದು ಅಂತ ಬರಿ.

ಮಗಳು: ಏನು? ಟೇಪು ಇಪ್ಪತ್ತಾರು ಅಂತಿದೆ!

ಅಪ್ಪ: ಟೇಪನ್ನ ಯಾರು ಕೇಳ್ತಾರೆ ಈಗ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನು, ಮೊದಲು ಆ ತರಗತಿ ಒಳಗೆ ಹೋಗು.

ಮಗಳು: ಗೊತ್ತಿದ್ದೂ ಸುಳ್ಳು ಬರೀಲಾ? ಅರ್ಧ ಗಂಟೆಯಿಂದ ನೀನೇ ತಾನೇ ಅಂಗೈ ಹುಣ್ಣು ಅಂತ ಕೂಗ್ತಿದ್ದದ್ದು? ನಾನು ಬರೆಯಲ್ಲ. ಗೋಡೆ ಇಪ್ಪತ್ತಾರಡಿ ಇದೆ.

ಅಪ್ಪ: ಇದೆ ಕಣಮ್ಮ. ನೀನು ಏನು ಬರೆದ್ರೂ ಅದು ಅಷ್ಟೇ ಇರುತ್ತೆ, ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಆ ತರಗತಿಯಲ್ಲಿ ನಿನ್ನ ಜಾಗ ಹೋದ್ರೆ ನನಗೆ ತುಂಬಾ ಬೇಜಾರಾಗುತ್ತೆ. ನಿನಗೆ ಇದು ಬರುತ್ತೆ. ಈಗ ಕಣ್ಣಾರೆ ನೋಡಿದೆ.

(ಮಗಳು ಅಪ್ಪನನ್ನು ನೋಡಿದಳು, ಗೋಡೆಯನ್ನು ನೋಡಿದಳು. ತುಟಿ ಕಚ್ಚಿಕೊಂಡು ಇಪ್ಪತ್ತೊಂದು ಎಂದು ಒತ್ತಿದಳು. ಪರದೆಯ ತುಂಬ ಬಣ್ಣದ ಚೂರುಗಳು ಉದುರಿದವು. "ಅದ್ಭುತ! ನೀವು ಎತ್ತರವನ್ನು ನಿಖರವಾಗಿ ಕಂಡುಹಿಡಿದಿದ್ದೀರಿ!")

ಅಮ್ಮ: ನಿಖರವಾಗಿ ಅಂತೆ!

(ಎರಡನೇ ಪಾಠ ತಾನಾಗಿಯೇ ತೆರೆದುಕೊಂಡಿತು. ಮಗಳು ಈ ಸಲ ವೇಗ ಹೆಚ್ಚಿಸಲಿಲ್ಲ. ಸರ್ ನಗುನಗುತ್ತಾ, ಪದ ಪದ ಬಿಡಿಸಿ ಹೇಳಿದರು: "ಮಕ್ಕಳೇ, ಕಳೆದ ಪಾಠದಲ್ಲಿ ನಾವು ಒಂದು ಸಣ್ಣ ವಿಷಯ ಬಿಟ್ಟಿದ್ದೆವು.")

ಅಪ್ಪ: (ಏಣಿಯನ್ನು ಹೆಗಲಿಗೇರಿಸುತ್ತಾ) ಐದಡಿ ಸಣ್ಣ ವಿಷಯವಂತೆ! ಈ ಮನುಷ್ಯ ಇವತ್ತಿನವರೆಗೂ ಏಣಿ ಮೇಲಿಂದ ಬಿದ್ದಿಲ್ಲ, ಬಿಡು.