ನಮ್ಮ ಜಗಳ ಕೆಡಿಸಿದ ಫ್ರೆಂಚ್ ಹೋಟೆಲಿನ ಯಜಮಾನರಿಗೆ

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಮುಖ್ಯ ಬಾಣಸಿಗರಿಗೂ, ಬಾಗಿಲಲ್ಲಿ ನಿಂತು ನನ್ನ ಹಳೇ ಕೊಡೆಯನ್ನು ಎಳೆಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ ಮಹನೀಯರಿಗೂ ನಮ್ಮ ಇಡೀ ಕುಟುಂಬದ ಪರವಾಗಿ ಸಾದರ ವಂದನೆಗಳು. ಕಳೆದ ಶನಿವಾರ ಸಂಜೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು, ಮೆನುವನ್ನು ಮೇಣದಬತ್ತಿಯ ಹತ್ತಿರ ಹಿಡಿದು ಓದಲು ಹೋಗಿ ಅದರ ಮೂಲೆ ಸುಟ್ಟವನೇ ಈ ಪತ್ರದ ಲೇಖಕ. ನಾನು ಕನ್ನಡಕದ ಅಂಗಡಿ ಇಟ್ಟವನು; ಗಿರಾಕಿಗಳ ಕಣ್ಣಿನ ಮೇಲೆ ತಮ್ಮಷ್ಟು ನಂಬಿಕೆ ಇಟ್ಟ ಸಂಸ್ಥೆಯನ್ನು ಇದುವರೆಗೆ ಕಂಡಿರಲಿಲ್ಲ.

ಅಡುಗೆಯ ಬಗ್ಗೆ ದೂರಲು ಇದನ್ನು ಬರೆಯುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ದೂರುವಷ್ಟು ಅಡುಗೆ ನಮ್ಮ ತಟ್ಟೆಗೆ ಬೀಳಲೇ ಇಲ್ಲ. ನನ್ನ ಅಹವಾಲು ಬೇರೆ. ನಾವು ತಮ್ಮಲ್ಲಿಗೆ ಬಂದದ್ದು ಜಗಳವಾಡಲು, ತಾವು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ.

ನಮ್ಮ ತಂದೆಯವರು ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ನನ್ನ ಜೊತೆಗಿದ್ದಾರೆ. ಮಾತು ಕಡಿಮೆ, ಊಟ ಕಡಿಮೆ, ಟಿವಿ ಹಾಕಿಕೊಂಡು ಅದನ್ನೂ ನೋಡದೆ ಕೂರುವುದು ಜಾಸ್ತಿ. ಮಂಡಿನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಕ್ಕೆ ಹೋದ ವರ್ಷ ಈಜುಕೊಳಕ್ಕೆ ಸೇರಿದರು. ಮಂಡಿನೋವು ಹಾಗೇ ಇದೆ. ಆದರೆ ಮೊನ್ನೆ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, ಅಲ್ಲಿ ಈಜು ಕಲಿಸುವ ಮೇಡಂ ಅವರನ್ನು ಮದುವೆಯಾಗಬೇಕೆಂದಿರುವುದಾಗಿ ಹವಾಮಾನ ವರದಿ ಓದುವ ದನಿಯಲ್ಲಿ ತಿಳಿಸಿದರು. ಒಳ್ಳೆಯ ಹೋಟೆಲಿನಲ್ಲಿ ಮೇಡಂ ಅವರ ಜೊತೆ ಎಲ್ಲರೂ ಒಟ್ಟಿಗೆ ಊಟ ಮಾಡೋಣ, "ಏನಿದ್ರೂ ಅಲ್ಲೇ ಮುಖಾಮುಖಿ ಹೇಳಿಬಿಡಿ, ಹಿಂದಿನಿಂದ ಗೊಣಗಬೇಡಿ" ಎಂದೂ ಅಪ್ಪಣೆಯಾಯಿತು.

ನನ್ನ ಅಕ್ಕ ಗಣಿತದ ಟೀಚರು. ಅವಳು ಲೆಕ್ಕ ಹೇಳಿಕೊಟ್ಟರೆ ಪಕ್ಕದ ಕ್ಲಾಸಿನ ಮಕ್ಕಳೂ ಪಾಸಾಗುತ್ತಾರೆಂಬ ಖ್ಯಾತಿ ಅವಳ ಗಂಟಲಿಗಿದೆ. ಸುದ್ದಿ ತಿಳಿದ ಗಳಿಗೆಯಿಂದ ಅವಳು ತಯಾರಿಗಿಳಿದಳು. ಅರವತ್ತಕ್ಕೆ ಅರಳುಮರಳು ಎಂಬಲ್ಲಿಂದ ಹಿಡಿದು, ಜನ ಏನಂತಾರೆ ಎಂಬುದನ್ನು ಹಾದು, ಅಮ್ಮನ ಜಾಗದಲ್ಲಿ ಇನ್ನೊಬ್ಬರೇ ಎಂಬಲ್ಲಿ ಕಣ್ಣೀರಿನೊಂದಿಗೆ ಮುಗಿಯುವ ಭಾಷಣವದು. ಅವಳು ಅಳುವಾಗ ನೀರಿನ ಲೋಟ ಸರಿಸುವುದು ನನ್ನ ಪಾಲಿನ ಕೆಲಸ. ಭಾವ ಸುಮ್ಮನಿರಬೇಕೆಂದು ತೀರ್ಮಾನವಾಗಿತ್ತು. ಅದರಲ್ಲಿ ಅವರದು ಮದುವೆಯಾದಾಗಿನಿಂದ ಪಳಗಿದ ಕೈ.

ಇಷ್ಟೆಲ್ಲ ಸಿದ್ಧತೆಯ ಮೇಲೆ ತಾವು ತಣ್ಣೀರೆರಚಿದ ಬಗೆಯನ್ನು ವಿನಯದಿಂದ ನಿವೇದಿಸುತ್ತೇನೆ. ತಮ್ಮ ಸಭಾಂಗಣದಲ್ಲಿ ಚಮಚ ಕೆಳಗಿಟ್ಟರೂ ಎಲ್ಲರೂ ತಿರುಗಿ ನೋಡುತ್ತಾರೆ. ಅಂಥ ನಿಶ್ಶಬ್ದದಲ್ಲಿ ಅಕ್ಕ ಗಂಟಲು ಸರಿಮಾಡಿಕೊಂಡದ್ದೇ ತಡ, ತಮ್ಮ ವೇಟರ್ ಮಹಾಶಯರು ಎದೆಯ ಮೇಲೆ ಕೈಯಿಟ್ಟು ಪ್ರತ್ಯಕ್ಷರಾಗಿ ಬ್ರೆಡ್ಡಿನ ವಂಶಾವಳಿಯನ್ನು ವಿವರಿಸಿದರು. ಆಮೇಲೆ ಸೂಪು ಬಂತು, ಮಂಜಿನಷ್ಟು ತಣ್ಣಗೆ. ಸ್ವಲ್ಪ ಬಿಸಿ ಮಾಡಿಕೊಡುತ್ತೀರಾ ಎಂದು ಭಾವ ಕೇಳಿದಾಗ ವೇಟರ್ ಮಹಾಶಯರು ಸಾವಿನ ಮನೆಯಲ್ಲಿ ಮಾತಾಡುವಂತೆ, "ಇದು ತಣ್ಣಗಿರೋಕೆ ಅಂತಲೇ ಮಾಡಿರೋದು ಸರ್" ಎಂದರು. ಅವರು ಅತ್ತ ಹೋದೊಡನೆ ಅಕ್ಕ ಮೇಜಿನ ಮೇಲೆ ಬಾಗಿ, "ನೋಡಿ, ನಾನು ಒಂದು ಮಾತು ನೇರವಾಗಿ ಹೇಳ್ತೀನಿ" ಎಂದಳು. ಅವಳ ಬೆನ್ನ ಹಿಂದಿನಿಂದ ಮೆಲುದನಿ ಕೇಳಿತು: "ಮೇಡಂ, ಸಾಸ್ ಬಗ್ಗೆ ಎರಡು ಮಾತು."

ಎರಡು ಮಾತು ಎಂದವರು ಒಂದು ಉಪನ್ಯಾಸವನ್ನೇ ಕೊಟ್ಟರು. ಅಕ್ಕ ಜೀವನದಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿನಿಯಂತೆ ಕುಳಿತು ಕೇಳಿದಳು.

ಆಮೇಲೆ ನಡೆದದ್ದಕ್ಕೆ ಮಾತ್ರ ತಮ್ಮನ್ನೇ ನೇರ ಹೊಣೆ ಮಾಡುತ್ತೇನೆ. ಐದು ದೊಡ್ಡ ಬೆಳ್ಳಿ ಮುಚ್ಚಳಗಳ ಕೆಳಗೆ ಐದು ದೊಡ್ಡ ತಟ್ಟೆಗಳು ಬಂದವು. ಮೆರವಣಿಗೆಯ ಗಾಂಭೀರ್ಯದಿಂದ ಎಲ್ಲ ಮುಚ್ಚಳಗಳೂ ಒಟ್ಟಿಗೇ ಮೇಲೆದ್ದವು. ಪ್ರತಿ ತಟ್ಟೆಯ ನಟ್ಟನಡುವೆ ಬೆಂಕಿಪೊಟ್ಟಣದಷ್ಟು ಮೀನು, ಅದರ ಮೇಲೆ ಒಂದು ಎಲೆ. ನಮ್ಮ ತಂದೆ ತಟ್ಟೆ ನೋಡಿದರು. ಬಗ್ಗಿ ಮುಚ್ಚಳದ ಒಳಭಾಗ ನೋಡಿದರು. ನಂತರ ಯಾವ ಕುಹಕವೂ ಇಲ್ಲದೆ, "ಉಳಿದದ್ದು ಇದಕ್ಕೇ ಅಂಟಿಕೊಂಡಿದೆಯಾ?" ಎಂದು ಕೇಳಿದರು.

ಈಜಿನ ಮೇಡಂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅವರು ನಗು ತಡೆಯಲು ಪಡುತ್ತಿದ್ದ ಪಾಡು ನೋಡಿ ಅಪ್ಪನಿಗೂ ನಗು ಬಂತು. ತಮ್ಮಲ್ಲಿ ಗಟ್ಟಿಯಾಗಿ ನಗುವಂತಿಲ್ಲವಲ್ಲ, ಆದ್ದರಿಂದ ಇಬ್ಬರೂ ಸದ್ದಿಲ್ಲದೆ, ಭುಜ ಕುಲುಕಿಸುತ್ತಾ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸ್ವಾಮಿ, ಅಮ್ಮ ಹೋದಮೇಲೆ ಅಪ್ಪನ ಭುಜಗಳು ಕುಲುಕಿದ್ದನ್ನು ನಾವು ಒಮ್ಮೆ ಮಾತ್ರ ನೋಡಿದ್ದೆವು, ಅದು ನಗುವಿಗಲ್ಲ. ಅಕ್ಕ ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ ತನ್ನ ತಟ್ಟೆ ನೋಡಿದಳು. ತಟ್ಟೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು.

ಅಪ್ಪ ಕಣ್ಣೊರೆಸಿಕೊಂಡು, "ಯಾರೂ ಏನೂ ಹೇಳಲಿಲ್ಲ. ಒಪ್ಪಿಗೆ ಅಂದ್ಕೋತೀನಿ" ಎಂದರು. ಮೌನಂ ಸಮ್ಮತಿ ಲಕ್ಷಣಂ ಎಂದು ಬಲ್ಲವರು ಹೇಳಿದ್ದಾರೆ. ಆ ಮೌನ ಸಾಸಿನ ಕಾರಣದಿಂದ ಹುಟ್ಟಿದ್ದಾದರೆ ಏನು ಲಕ್ಷಣವೆಂದು ಅವರು ಹೇಳಿಲ್ಲ. ನಾನು ನೀರಿನ ಲೋಟ ಎತ್ತಿಕೊಂಡು ಅಕ್ಕನತ್ತ ಸರಿಸಿದೆ. ಅವಳು ಅಳಲಿಲ್ಲ, ಕುಡಿದಳು.

ಹೊರಬಂದಾಗ ಐವರಿಗೂ ಹೊಟ್ಟೆ ತಾಳ ಹಾಕುತ್ತಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಳಿತಾಗ ಮೇಡಂ ತಮ್ಮ ಚೀಲದಿಂದ ಹುರಿದ ಕಡಲೆಕಾಯಿಯ ಪೊಟ್ಟಣ ತೆಗೆದು, "ಈಜಿದ ಮೇಲೆ ಹಸಿವು ಅಂತಾರೆ ಮಕ್ಕಳು, ಅದಕ್ಕೇ ಇಟ್ಕೊಂಡಿರ್ತೀನಿ. ತಗೊಳ್ಳಮ್ಮ" ಎಂದು ಅಕ್ಕನ ಮುಂದೆ ಹಿಡಿದರು. ಅಕ್ಕ ಒಂದು ಕ್ಷಣ ತಡೆದಳು, ಆಮೇಲೆ ಬೊಗಸೆಯೊಡ್ಡಿದಳು. ಸಿಪ್ಪೆ ಬಿಡಿಸುತ್ತಾ, ಇಡೀ ಭಾಷಣದಲ್ಲಿ ಉಳಿದಿದ್ದ ಒಂದೇ ಒಂದು ಆಕ್ಷೇಪವನ್ನು ಕೊನೆಗೂ ಮಂಡಿಸಿದಳು:

"ನಮ್ಮಪ್ಪ ಗೊರಕೆ ಹೊಡೀತಾರೆ. ಗೊತ್ತಿರಲಿ."

"ನೀರಲ್ಲಂತೂ ಹೊಡೆದಿಲ್ಲ," ಎಂದರು ಮೇಡಂ. ಅಕ್ಕ ನಕ್ಕಳು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಹೀಗೆ ನಮ್ಮ ಮನೆತನದ ಒಂದು ಒಳ್ಳೆಯ ಜಗಳ ತಮ್ಮಿಂದಾಗಿ ಕೈತಪ್ಪಿತು. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಗಿರಾಕಿಗಳು ಒಳಬರುವಾಗಲೇ ಊಟಕ್ಕೋ ಜಗಳಕ್ಕೋ ಎಂದು ವಿಚಾರಿಸಿ, ಎರಡನೆಯವರಿಗೆ ದೀಪ ಜೋರಾಗಿರುವ ಒಂದು ಕೋಣೆಯನ್ನೂ, ಕುಕ್ಕಿದರೆ ಸದ್ದಾಗುವ ತಟ್ಟೆಗಳನ್ನೂ, ಸಾಸಿನ ವಿಷಯದಲ್ಲಿ ಏನೂ ತಿಳಿಯದ ಒಬ್ಬ ವೇಟರನ್ನೂ ಒದಗಿಸಬೇಕು. ಸಾಧ್ಯವಾದರೆ ನಮ್ಮ ಜಗಳವನ್ನು ಅಂಚೆಯಲ್ಲಿ ಹಿಂದಿರುಗಿಸಬೇಕು. ಮದುವೆ ಮುಂದಿನ ತಿಂಗಳು, ಅಕ್ಕನೇ ಓಡಾಡುತ್ತಿದ್ದಾಳೆ. ಬೇಗ ಕಳಿಸದಿದ್ದರೆ ಉಪಯೋಗಕ್ಕೆ ಬರುವುದಿಲ್ಲ.

ಅರೆಹೊಟ್ಟೆಯಲ್ಲೂ ಗೌರವ ಬಿಡದ
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮೇಜಿನವನು

ಮರೆತ ಮಾತು: ಭಾವನವರ ಅಣ್ಣತಮ್ಮಂದಿರು ಮನೆ ಪಾಲಿನ ವಿಷಯಕ್ಕೆ ಮುಖ ನೋಡದೆ ಕೂತಿದ್ದಾರೆ. ಅವರನ್ನೆಲ್ಲ ಮುಂದಿನ ಶನಿವಾರ ತಮ್ಮಲ್ಲಿಗೆ ಕರೆತರುವ ಆಲೋಚನೆಯಿದೆ, ದಯವಿಟ್ಟು ಒಂದು ಮೇಜು ಕಾದಿರಿಸಿ. ಎಲ್ಲರೂ ಮನೆಯಲ್ಲೇ ಹೊಟ್ಟೆತುಂಬ ಉಂಡು ಬರುವುದರಿಂದ ತಾವು ಒಲೆ ಹಚ್ಚುವ ತೊಂದರೆ ತೆಗೆದುಕೊಳ್ಳಬೇಕಿಲ್ಲ.