ತಿಮಿಂಗಿಲ ವೀಕ್ಷಣೆಗಾಗಿ ಕಾಫಿ ಶುಲ್ಕ ಮುಂದುವರಿಸುವ ಬಗ್ಗೆ

ಸಂಖ್ಯೆ: ಮನೆ/ಪ್ರವಾಸ/ಆಯವ್ಯಯ/04
ದಿನಾಂಕ: ಮೇ 1, ಬೆಳಗ್ಗೆ 7 ಗಂಟೆ 10 ನಿಮಿಷ

ವಿಷಯ: ಜಲಪಾತ, ಹಿಮನದಿ ಹಾಗೂ ವಿಪರೀತ ಬೆಲೆಗಳಿಂದ ಕೂಡಿದ ದೇಶಕ್ಕೆ ನಾಲ್ವರ ಪ್ರವಾಸ – ಮಿತವ್ಯಯ ಕ್ರಮಗಳ ಕುರಿತು.

ಉಲ್ಲೇಖ: 1) ತಿಮಿಂಗಿಲ ನೋಡುವ ದೋಣಿಯಾನವನ್ನು ಹಣದ ಅಭಾವದಿಂದ ಕೈಬಿಟ್ಟ ಹಿಂದಿನ ಸುತ್ತೋಲೆ.
2) ಅದಕ್ಕೆ ಅಜ್ಜಿಯವರ ಮೌಖಿಕ ಆಕ್ಷೇಪಣೆ: “ಬೆಟ್ಟ, ಮೋಡ ಎಲ್ಲಾ ನೀವೇ ಇಟ್ಕೊಳ್ರಪ್ಪಾ. ನನಗೊಂದು ತಿಮಿಂಗಿಲ ತೋರಿಸಿ, ಸಾಕು.”

ಮೇಲ್ಕಂಡ ಆಕ್ಷೇಪಣೆಯನ್ನು ಎರಡು ರಾತ್ರಿ ನಿದ್ದೆಗೆಟ್ಟು ಪರಿಶೀಲಿಸಿದ ಆಯವ್ಯಯಾಧಿಕಾರಿಯವರು (ಅಪ್ಪ) ಮನೆಯ ಸಮಸ್ತರ ಗಮನಕ್ಕೆ ತರುವುದೇನೆಂದರೆ:

1. ಆಕಾಶ, ಗಾಳಿ, ಮಳೆ ಮತ್ತು ದೂರದ ಬೆಟ್ಟಗಳಿಗೆ ಶುಲ್ಕವಿಲ್ಲದ ಕಾರಣ ಮೊದಲು ಅವನ್ನೇ ಹೊಟ್ಟೆ ತುಂಬ ನೋಡತಕ್ಕದ್ದು.

2. ಪಾರ್ಕಿಂಗ್ ಶುಲ್ಕವಿರುವ ಜಲಪಾತಗಳಲ್ಲಿ ಕಾರನ್ನು ನಿಲ್ಲಿಸತಕ್ಕದ್ದಲ್ಲ. ಒಬ್ಬರು ಇಳಿದು ನೋಡಿ, ಕಾರು ಒಂದು ಸುತ್ತು ಹಾಕಿ ಬಂದೊಡನೆ ಹತ್ತಿ, ಉಳಿದವರಿಗೆ ವರ್ಣಿಸತಕ್ಕದ್ದು. ವರ್ಣನೆಯಲ್ಲಿ ಉತ್ಪ್ರೇಕ್ಷೆ ಕಂಡುಬಂದಲ್ಲಿ ಮುಂದಿನ ಜಲಪಾತಕ್ಕೆ ಬೇರೆಯವರನ್ನು ನಿಯೋಜಿಸಲಾಗುವುದು.

3. ‘ಅಬ್ಬಾ’ ಎಂಬ ಉದ್ಗಾರವನ್ನು ನಿಸರ್ಗಕ್ಕೆ ಮಾತ್ರ ಮೀಸಲಿಡಲಾಗಿದೆ. ಹೋಟೆಲಿನ ಬೆಲೆಪಟ್ಟಿಗೆ ಬಳಸುವಂತಿಲ್ಲ. ಬೆಲೆಯನ್ನು ನಮ್ಮ ಹಣಕ್ಕೆ ಗುಣಿಸಿ ನೋಡಲೇಬೇಕೆನಿಸಿದವರು ಹೊರಗೆ ಹೋಗಿ ಮನಸ್ಸಿನಲ್ಲೇ ಗುಣಿಸಿ, ನಗುಮುಖದಿಂದ ಹಿಂತಿರುಗತಕ್ಕದ್ದು.

4. ಬಾಡಿಗೆಯಲ್ಲೇ ಸೇರಿರುವ ಬೆಳಗಿನ ಉಪಾಹಾರಕ್ಕೆ ಬಾಗಿಲು ತೆರೆಯುವ ಮುನ್ನ ಹಾಜರಾಗಿ, ಕುರ್ಚಿ ಮಗುಚಿಡುವವರೆಗೆ ಎದ್ದೇಳಕೂಡದು. ಮಗಳು “ಅಪ್ಪಾ, ಮರ್ಯಾದೆ ಹೋಗುತ್ತೆ” ಎಂದಿರುವುದನ್ನು ದಾಖಲಿಸಿಕೊಳ್ಳಲಾಗಿದೆ. ಮರ್ಯಾದೆಗೆ ಈ ಸಾಲಿನಲ್ಲಿ ಅನುದಾನವಿರುವುದಿಲ್ಲ.

5. ಪೂರ್ವಾಭ್ಯಾಸದ ಫಲಿತಾಂಶ: ಅಲ್ಲಿನ ಬೆಲೆ ಈಗಲೇ ಅಭ್ಯಾಸವಾಗಲೆಂದು ಏಪ್ರಿಲ್ ತಿಂಗಳಿಡೀ ಹೊತ್ತಲ್ಲದ ಹೊತ್ತಿನ ಕಾಫಿ-ತಿಂಡಿಗೆ ಆ ದೇಶದ ದರವನ್ನೇ ವಿಧಿಸಿ, ಸ್ವಂತ ಜೇಬಿನಿಂದ ಡಬ್ಬಿಗೆ ಹಾಕುವಂತೆ ಆದೇಶಿಸಲಾಗಿತ್ತು. ಮಗಳು ಒಂದು ಬನ್ನಿನ ನಂತರ ಶರಣಾದಳು. ಅಜ್ಜಿಯವರು ದಿನಾ ಪಕ್ಕದ ಮನೆಗೆ ಹೋಗಿ ಚಹಾ ಕುಡಿದು ಬಂದಿರುತ್ತಾರೆ. ಪಕ್ಕದ ಮನೆ ಬೇರೆ ದೇಶವೆಂಬ ಅವರ ವಾದವನ್ನು ಒಪ್ಪದೆ ವಿಧಿಯಿಲ್ಲ. ಆದೇಶ ಹೊರಡಿಸಿದ ಅಧಿಕಾರಿಯವರು ಮಾತ್ರ ತೊಂಬತ್ತು ಲೋಟ ಕಾಫಿ ಕುಡಿದಿದ್ದಾರೆ. ಇದಕ್ಕೆ ಖಜಾಂಚಿಯವರ (ಅಮ್ಮ) ಪ್ರಚೋದನೆಯೂ ಕಾರಣ: “ರೀ, ಇನ್ನೊಂದು ಲೋಟ ಹಾಕ್ಲಾ? ಅತ್ತೆ ಟಿಕೆಟ್ಟು ಇನ್ನೂ ಅರ್ಧ ಬಾಕಿ ಇದೆ.”

6. ಡಬ್ಬಿ ಒಡೆದು ಎಣಿಸಲಾಗಿ, ಮೂರು ದೋಣಿ ಟಿಕೆಟ್ಟಿಗೆ ಸರಿಹೋಗುವ ಮೊತ್ತ ಕಂಡುಬಂದಿದೆ. ಅಜ್ಜಿ, ಅಮ್ಮ ಮತ್ತು ಮಗಳ ದೋಣಿಯಾನವನ್ನು ಸಂತೋಷದಿಂದ ಮಂಜೂರು ಮಾಡಲಾಗಿದೆ. ಅಧಿಕಾರಿಯವರು ದಡದಲ್ಲೇ ನಿಂತು ಸಮುದ್ರವನ್ನು ಸಾಮಾನ್ಯವಾಗಿ ವೀಕ್ಷಿಸತಕ್ಕದ್ದು.

7. ಮೇಲಿನ ಕಲಮಿನ ಕೊನೆಯ ವಾಕ್ಯವನ್ನು, ಸಹಿ ಬೀಳುವ ಮುನ್ನವೇ, ಅಜ್ಜಿಯವರ ಈ ಕೆಳಗಿನ ಅಪ್ಪಣೆ ಮೇರೆಗೆ ರದ್ದುಪಡಿಸಲಾಗಿದೆ: “ಅವನನ್ನ ಬಿಟ್ಟು ನಾನು ದೋಣಿ ಹತ್ತಲ್ಲ. ಇನ್ನೂ ಹತ್ತು ದಿನ ಕುಡೀಲಿ, ಅವನ ಟಿಕೆಟ್ಟೂ ಹುಟ್ಟುತ್ತೆ.” ಅದರಂತೆ ಶುಲ್ಕವನ್ನು ಮೇ 10ರವರೆಗೆ ವಿಸ್ತರಿಸಿದೆ.

ಸಹಿ/-
ಅಪ್ಪ
ಪ್ರವಾಸ ಆಯವ್ಯಯಾಧಿಕಾರಿ
(ಹಗಲಿನಲ್ಲಿ ಭೌತಶಾಸ್ತ್ರ ಉಪನ್ಯಾಸಕ)

ಪ್ರತಿಗಳು:
1. ಅಜ್ಜಿಯವರಿಗೆ, ದಪ್ಪ ಅಕ್ಷರಗಳಲ್ಲಿ.
2. ಮಗಳಿಗೆ, ಗೆಳತಿಯರಿಗೆ ತೋರಿಸಬಾರದೆಂಬ ಷರತ್ತಿನೊಂದಿಗೆ.
3. ಪಕ್ಕದ ಮನೆಗೆ, ಸೌಹಾರ್ದ ಸಂಬಂಧದ ದೃಷ್ಟಿಯಿಂದ.
4. ಖಜಾಂಚಿಯವರಿಗೆ, ಮುಂದಿನ ಮೂವತ್ತು ಲೋಟಗಳ ಪೂರೈಕೆಗಾಗಿ. ಬೇಕಾಗುವ ಕಾಫಿಪುಡಿ: 240 ಗ್ರಾಂ.